ಕಾಲೇಜಿನ ನೌಕರಿ

“ಆ ಮೂಲಿ ನೋಡು, ಇನ್ನಾ ಹಳದಿ ಅದ. ಇನ್ನೊಮ್ಮಿ ತಿಕ್ಕು.”

ಚನ್ನಮಲ್ಲಪ್ಪ ಸರ್ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಸಂಡಾಸದ ಬಾಗಿಲಲ್ಲಿ ನಿಂತಿದ್ದರು. ಉಜ್ವಲಾ ಕುಕ್ಕರಗಾಲಲ್ಲಿ ಕೂತು ಮತ್ತೆ ಬ್ರಷ್ ಆಡಿಸಿದಳು. ಆಸಿಡ್ಡಿನ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈಗೆ ಆಸಿಡ್ಡು ಹತ್ತಿತ್ತು. ಅವಳ ಹಿಂದೆ ತಂಡದ ಉಳಿದ ಹುಡುಗ ಹುಡುಗಿಯರು ಗೋಡೆಗೆ ಒರಗಿ ನೋಡುತ್ತಿದ್ದರು. ಅವತ್ತಿನ ಪ್ರಾಕ್ಟಿಕಲ್ ಅದೇ ಆಗಿತ್ತು.

“ಬಿ.ಕಾಂ. ಓದಿದಾಕಿ ಹಿಂಗ ತಿಕ್ಕಿದ್ರ ಸಾಲಿ ಬಿಟ್ಟವರು ಹ್ಯಾಂಗ ತಿಕ್ಕಬೇಕು?” ಎಂದರು ಸರ್. ಹಿಂದೆ ಯಾರೋ ನಕ್ಕರು. ಉಜ್ವಲಾ ಬಕೆಟ್ಟಿನ ನೀರನ್ನು ಒಂದೇ ಸಲಕ್ಕೆ ಸುರಿದು ಎದ್ದು ನಿಂತಳು. ನೀರು ಸಿಡಿದು ಸರ್ ಅವರ ಬೂಟಿನ ತುದಿಗೆ ಬಿತ್ತು. ಅವರು ಒಂದು ಹೆಜ್ಜೆ ಹಿಂದೆ ಸರಿದು, ನಾಳೆಯೂ ಇವಳದೇ ಪಾಳಿ ಎಂದು ಹೇಳಿ ಹೊರಟುಹೋದರು.

ಉಜ್ವಲಾ ಹಲಬರ್ಗಾದವಳು. ಅಪ್ಪ ಮಾಣಿಕ, ಗೌಂಡಿಗಳ ಕೈಕೆಳಗೆ ಸಿಮೆಂಟು ಕಲಸುತ್ತಿದ್ದ. ಅವ್ವ ಶಾಲುಬಾಯಿ ಸೋಯಾ ಕಟಾವಿಗೆ, ತೊಗರಿ ಕೊಯ್ಲಿಗೆ ಕೂಲಿ ಹೋಗುತ್ತಿದ್ದಳು. ಇಬ್ಬರೂ ಸೇರಿ ಒಬ್ಬಳೇ ಮಗಳನ್ನು ಭಾಲ್ಕಿಯ ಕಾಲೇಜಿಗೆ ಕಳಿಸಿ ಓದಿಸಿದ್ದರು. ಅವಳು ಡಿಗ್ರಿ ಮುಗಿಸಿ, ಎರಡೂ ಭಾಷೆಯ ಟೈಪಿಂಗ್ ಪಾಸಾಗಿ ವರ್ಷಗಳೇ ಕಳೆದಿದ್ದವು. ಬರೆದ ಒಂದು ಪರೀಕ್ಷೆ ರದ್ದಾಯಿತು. ಇನ್ನೊಂದರ ಫಲಿತಾಂಶ ಕೋರ್ಟಿಗೆ ಹೋಗಿ ಅಲ್ಲೇ ಕೂತಿತು. ಅಷ್ಟರಲ್ಲಿ ನೌಕರಿಯಿಲ್ಲದ ಪದವೀಧರರಿಗೆ ಜಿಲ್ಲಾಡಳಿತ ಬೀದರದ ಚಿದ್ರಿಯಲ್ಲಿ ತರಬೇತಿ ಕೇಂದ್ರ ತೆರೆದಿದೆ, ಕಲಿತವರಿಗೆ ಕೆಲಸ ಖಾತ್ರಿ ಎಂದು ಪಂಚಾಯಿತಿಯವರು ಡಂಗುರ ಹೊಡೆಸಿದರು. ಉಜ್ವಲಾ ಕಂಪ್ಯೂಟರ್ ಲೆಕ್ಕಪತ್ರದ ತರಬೇತಿಗೆ ಹೆಸರು ಕೊಟ್ಟು, ಅಲ್ಲೇ ಹತ್ತಿರದ ಮೈಲೂರಿನಲ್ಲಿ ಒಂದು ಕೋಣೆ ಹಿಡಿದಳು.

ಮೊದಲ ದಿನ ಚನ್ನಮಲ್ಲಪ್ಪ ಸರ್ ಅವಳ ಹೆಸರು, ಊರು ಕೇಳಿದರು. ಆಮೇಲೆ ಅಪ್ಪನ ಕೆಲಸ ಕೇಳಿದರು. ಕೊನೆಗೆ ಪೆನ್ನು ತಿರುಗಿಸುತ್ತ, “ಊರಾಗ ಮನಿ ಎಲ್ಲಿ ಬರ್ತದ?” ಎಂದರು.

“ಬುದ್ಧ ವಿಹಾರದ ಬಾಜೂಕ ರೀ ಸರ್.”

ಅವರು ಪೆನ್ನಿನ ಕ್ಯಾಪು ಹಾಕಿದರು. ಕಂಪ್ಯೂಟರ್ ಬ್ಯಾಚು ತುಂಬಿದೆ, ಸದ್ಯಕ್ಕೆ ಹೌಸ್‌ಕೀಪಿಂಗ್‌ನಲ್ಲಿ ಕೂಡು, ಸೀಟು ಖಾಲಿಯಾದರೆ ಮೇಲಕ್ಕೆ ಕಳಿಸುತ್ತೇನೆ ಎಂದರು. ಕಂಪ್ಯೂಟರ್ ಕೋಣೆ ಮೇಲಿನ ಮಹಡಿಯಲ್ಲಿತ್ತು. ಹೌಸ್‌ಕೀಪಿಂಗ್ ಎಂದರೆ ಕೆಳಗಿನ ಕೋಣೆ, ಬಕೆಟ್ಟು, ಫಿನಾಯಿಲು. ಕೆಳಗಿನ ತಂಡದಲ್ಲಿದ್ದವರೆಲ್ಲ ಅವಳ ಹಾಗೆಯೇ ಊರ ಅಂಚಿನ ಓಣಿಗಳಿಂದ ಬಂದವರು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಮರುದಿನ ಔರಾದದ ಕಡೆಯಿಂದ ಸರಿತಾ ಎಂಬ ಹುಡುಗಿ ಬಂದಳು. ಅವಳ ಮನೆಯವರು ಕುರಿ ಸಾಕುವವರು. ತಡವಾಗಿ ಬಂದವಳನ್ನು ಚನ್ನಮಲ್ಲಪ್ಪ ಸರ್ ನೇರ ಮೇಲಿನ ಮಹಡಿಗೆ ಕಳಿಸಿದರು. ಮುಂದೊಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚುವಾಗ ಸರಿತಾಳೇ ಅದನ್ನು ಏನೂ ಅರಿಯದೆ ಹೇಳಿದಳು. ತಾನು ಬಂದ ದಿನವೂ ಮೇಲೆ ಎಷ್ಟೋ ಕಂಪ್ಯೂಟರು ಖಾಲಿ ಇದ್ದವಂತೆ. ಉಜ್ವಲಾ ಮುರಿದ ರೊಟ್ಟಿಯನ್ನು ಮತ್ತೆ ಬುತ್ತಿಗೆ ಹಾಕಿದಳು. ಆದರೂ ಆ ಹುಡುಗಿಯ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಇಡೀ ಬೀದರದಲ್ಲಿ ಅವಳ ಜೊತೆ ಕೂತು ಉಣ್ಣುತ್ತಿದ್ದವಳು ಸರಿತಾ ಒಬ್ಬಳೇ. ಅವಳು ತಂದ ಶೇಂಗಾ ಹಿಂಡಿ ಇವಳ ರೊಟ್ಟಿಗೆ, ಇವಳ ಪುಂಡಿಪಲ್ಯ ಅವಳ ರೊಟ್ಟಿಗೆ ಬೀಳುತ್ತಿತ್ತು.

ಸಂಜೆ ಮೈಲೂರಿನ ಕೋಣೆಗೆ ಬಂದರೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಸಾಬೂನು ಹಾಕಿ ಎಷ್ಟು ತೊಳೆದರೂ ಕೈಯಿಂದ ಫಿನಾಯಿಲಿನ ವಾಸನೆ ಹೋಗುತ್ತಿರಲಿಲ್ಲ. ಅಪ್ಪ ಫೋನು ಮಾಡಿ ಇವತ್ತು ಏನು ಕಲಿತೆ ಎಂದು ಕೇಳಿದರೆ ಕಂಪ್ಯೂಟರಿನ ಬಗ್ಗೆ ಏನಾದರೊಂದು ಹೇಳುತ್ತಿದ್ದಳು. ಅವನಿಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ್ದಕ್ಕೇ ಅವನು ಹಿಗ್ಗುತ್ತಿದ್ದ.

ಒಂದು ಮುಂಜಾನೆ ಕೇಂದ್ರದ ಗೇಟಿನಲ್ಲಿ ಒಬ್ಬ ಮುದುಕಿ ಅವಳನ್ನು ಅಡ್ಡಗಟ್ಟಿದಳು. ಮಾಸಿದ ಬುರ್ಖಾ, ಕಾಲಲ್ಲಿ ಹರಿದ ಚಪ್ಪಲಿ.

“ನನ ಕೆಲಸಾ ಮಾಡ್ಲಕತ್ತಾಕಿ ನೀನೇ ಏನು?”

ಅವಳ ಹೆಸರು ಮುನ್ನಿಬೀ. ಕೇಂದ್ರ ಶುರುವಾದಾಗಿನಿಂದ ಅಲ್ಲಿಯ ಕಸ ಗುಡಿಸಿ ಸಂಡಾಸ ತೊಳೆಯುತ್ತಿದ್ದವಳು ಅವಳೇ. ಈಗ ತರಬೇತಿಯ ಮಕ್ಕಳು ಪ್ರಾಕ್ಟಿಕಲ್ ಎಂದು ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿರುವಾಗ ನೀನು ಯಾಕೆ ಎಂದು ಅವಳನ್ನು ಬಿಡಿಸಿದ್ದರು. ಇದು ಉಜ್ವಲಾಳಿಗೆ ಆವರೆಗೆ ಗೊತ್ತಿರಲಿಲ್ಲ.

“ಡಿಗ್ರಿ ಓದಿದಾಕಿ ಅಂತಲ್ಲ ನೀನು,” ಎಂದಳು ಮುನ್ನಿಬೀ. “ಕಸಕೊಳ್ಳಾಕ ನಿನಗ ನನ ರೊಟ್ಟಿನೇ ಸಿಕ್ತೇನ? ಆ ಹರಾಮಿ ಒಳಗ ಖುರ್ಚಿ ಮ್ಯಾಲ ಕುಂತಾನಲ್ಲ, ಅವನ ನೌಕರಿ ಕಸಕೋ ನೋಡಮ್ಮ.”

ಹೇಳುತ್ತಲೇ ಅವಳು ಉಜ್ವಲಾಳ ಕೈ ಹಿಡಿದು ಎಳೆದಳು. ಆಸಿಡ್ಡಿಗೆ ಸುಲಿದ ಬೆರಳುಗಳು ಕಣ್ಣಿಗೆ ಬಿದ್ದವು. ಮುನ್ನಿಬೀ ಸ್ವಲ್ಪ ಹೊತ್ತು ಆ ಬೆರಳುಗಳನ್ನೇ ನೋಡಿದಳು, ಆಮೇಲೆ ಕೈ ಬಿಟ್ಟು, ಬೈಯುವುದನ್ನೂ ಬಿಟ್ಟು, ರಸ್ತೆಯ ಅಂಚು ಹಿಡಿದು ಹೋಗಿಬಿಟ್ಟಳು.

ಉಜ್ವಲಾ ಒಳಗೆ ಹೋಗಿ ಚನ್ನಮಲ್ಲಪ್ಪ ಸರ್ ಅವರನ್ನು ಕೇಳಿದಳು, ಮುನ್ನಿಬೀಗೆ ಅವಳ ಕೆಲಸ ವಾಪಸ್ಸು ಕೊಡಿ, ನನ್ನನ್ನು ಮೇಲೆ ಕಳಿಸಿ ಎಂದು. ಅವರು ಸಿಟ್ಟಾಗಲಿಲ್ಲ. ತಾವೂ ವರ್ಷದ ಗುತ್ತಿಗೆಯ ಮೇಲೇ ಇರುವವರು, ಇಷ್ಟು ಮಂದಿಗೆ ಕೆಲಸ ಕೊಡಿಸಿದೆವೆಂದು ಮೇಲಿನವರಿಗೆ ತೋರಿಸದಿದ್ದರೆ ತಮ್ಮನ್ನೂ ಮನೆಗೆ ಕಳಿಸುತ್ತಾರೆ ಎಂದರು. ಕಂಪ್ಯೂಟರ್ ಕಲಿತವರಿಗೆ ಕೆಲಸ ಕೊಡಿಸುವುದು ಕಷ್ಟ, ಸಂಡಾಸ ಎಲ್ಲ ಕಡೆ ಇರುತ್ತವೆ ಎಂದೂ ಹೇಳಿದರು.

“ನಿನಗ ನೌಕರಿ ಕೊಡಸೋದು ನನ ಜವಾಬ್ದಾರಿ. ಬಾಯಿ ಮುಚಗೊಂಡು ಕಲಿ.”

ಅವರು ಮಾತಿಗೆ ತಪ್ಪಲಿಲ್ಲ. ತರಬೇತಿ ಮುಗಿದ ಮೇಲೆ ಬೀದರದ ಮೈದಾನದಲ್ಲಿ ಉದ್ಯೋಗ ಮೇಳ ನಡೆಯಿತು. ತಾಲೂಕು ತಾಲೂಕುಗಳಿಂದ ಬಸ್ಸು ತುಂಬಿ ಬಂದ ಹುಡುಗರು ಫೈಲನ್ನು ತಲೆಗೆ ಅಡ್ಡ ಹಿಡಿದು ಬಿಸಿಲಲ್ಲಿ ನಿಂತಿದ್ದರು. ಕಂಪನಿಯವರು ಫೋನ್ ನಂಬರು ಬರೆದುಕೊಂಡು ಆಮೇಲೆ ಕಾಲ್ ಮಾಡುತ್ತೇವೆ ಎನ್ನುತ್ತಿದ್ದರು. ವೇದಿಕೆಯ ಮೇಲೆ ಮಾತ್ರ ಕೆಲವರಿಗೆ ಅಲ್ಲೇ ಆದೇಶಪತ್ರ ಕೊಡುವ ಏರ್ಪಾಡಿತ್ತು. ಅಂಥವರ ತಂದೆತಾಯಿಗಳನ್ನು ಮುಂದಿನ ಸಾಲಲ್ಲಿ ಕೂರಿಸಿದ್ದರು. ಬರಬೇಡ ಎಂದರೂ ಮಾಣಿಕ ಬಂದಿದ್ದ. ಇಸ್ತ್ರಿ ಹಾಕಿಸಿದ ಬಿಳಿ ಅಂಗಿಯ ಗುಂಡಿಗಳನ್ನು ಕುತ್ತಿಗೆಯ ತನಕ ಹಾಕಿಕೊಂಡು ನೆಟ್ಟಗೆ ಕೂತಿದ್ದ.

ಮುಖ್ಯ ಅತಿಥಿಗಳು ಉಜ್ವಲಾಳ ಹೆಸರು ಓದಿ, ಈ ತಾಯಿ ಭಾಲ್ಕಿಯ ಯಾವ ಕಾಲೇಜಿನಲ್ಲಿ ಓದಿದಳೋ ಅದೇ ಕಾಲೇಜಿನಲ್ಲಿ ಇಂದು ಆಕೆಗೆ ನೌಕರಿ ಸಿಗುತ್ತಿದೆ ಎಂದು ಮೈಕಿನಲ್ಲಿ ಹೇಳಿದರು. ಎಂಥ ನೌಕರಿ ಎಂದು ಹೇಳಲಿಲ್ಲ. ಬಣ್ಣದ ಕಾಗದ ಸುತ್ತಿದ ಒಂದು ಪೊಟ್ಟಣವನ್ನೂ ಪತ್ರವನ್ನೂ ಅವಳ ಕೈಗಿಟ್ಟು ಫೋಟೋಕ್ಕೆ ನಿಂತರು. ಚಪ್ಪಾಳೆ ನಿಂತ ಮೇಲೂ ಒಬ್ಬರು ತಟ್ಟುತ್ತಲೇ ಇದ್ದರು. ಉಜ್ವಲಾ ನೋಡಿದರೆ ಅಪ್ಪ ಎದ್ದು ನಿಂತಿದ್ದ.

ವೇದಿಕೆಯ ಹಿಂದಿನ ಮೆಟ್ಟಿಲ ಮೇಲೆ ನಿಂತು ಅವಳು ಪತ್ರ ಓದಿದಳು. ಹೊರಗುತ್ತಿಗೆ ಸ್ವಚ್ಛತಾ ಸಹಾಯಕಿ ಎಂದಿತ್ತು.

ಹಲಬರ್ಗಾಕ್ಕೆ ಮರಳುವ ಬಸ್ಸಿನಲ್ಲಿ ಮಾಣಿಕ ಕಂಡಕ್ಟರನಿಗೂ ಹೇಳಿದ, ಮಗಳಿಗೆ ಕಾಲೇಜಿನಲ್ಲಿ ನೌಕರಿ ಆಗಿದೆ ಎಂದು. ಊರಲ್ಲಿ ಇಳಿದವನು ಮನೆಗೆ ಹೋಗದೆ ನೇರ ವಿಹಾರಕ್ಕೆ ಹೋಗಿ ಬಾಬಾಸಾಹೇಬರ ಫೋಟೋದ ಮುಂದೆ ಮೇಣಬತ್ತಿ ಹಚ್ಚಿ, ಓಣಿಯ ತುಂಬ ಸಕ್ಕರೆ ಹಂಚಿದ. ಕಿವಿ ಕೇಳದ ಮುದುಕರೊಬ್ಬರಿಗೆ ಅವನು ಕಾಲೇಜು, ಕಾಲೇಜು ಎಂದು ಕೂಗಿ ಹೇಳುತ್ತಿದ್ದುದು ಮನೆಯೊಳಗೆ ಕೂತ ಉಜ್ವಲಾಳಿಗೆ ಕೇಳಿಸುತ್ತಿತ್ತು.

ಶಾಲುಬಾಯಿ ಪೊಟ್ಟಣ ಬಿಚ್ಚಿದಳು. ಒಂದು ಹಸಿರು ಕೋಟು, ರಬ್ಬರಿನ ಕೈಗವಸು, ಟೊಪ್ಪಿಗೆ. ಅವಳು ಕೋಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡಿ, ಮಡಿಕೆ ತಪ್ಪದ ಹಾಗೆ ಮತ್ತೆ ಮಡಚಿಟ್ಟಳು.

“ಇಂಥ ಅಂಗಿ ದವಾಖಾನ್ಯಾಗ ನೋಡೀನಿ ನಾ,” ಎಂದಳು. ಪೊಟ್ಟಣದ ಬಣ್ಣದ ಕಾಗದವನ್ನೂ ಮಡಚುತ್ತ ಇನ್ನೊಂದು ಮಾತು ಹೇಳಿದಳು. “ನಿಮ್ಮಜ್ಜಿ ಗೌಡರ ಹಿತ್ತಲ ಬಳದು ಬಳದೇ ಸತ್ತಳು. ಆಕಿಗಿ ಅಂಗಿ ಕೊಟ್ಟಿರ್ಲಿಲ್ಲ, ಅಷ್ಟೇ ಫರಕು.”

ಅಪ್ಪನಿಗೆ ಹೇಳುವುದು ಬೇಡ ಎಂದು ಇಬ್ಬರೂ ಒಪ್ಪಿಕೊಂಡರು. ಎಷ್ಟು ದಿನ ಹೇಳದೇ ಇರುವುದು ಎಂದು ಇಬ್ಬರೂ ಮಾತಾಡಲಿಲ್ಲ.

ಕೆಲಸಕ್ಕೆ ಸೇರುವ ಮುಂಚೆ ಉಜ್ವಲಾ ಒಂದು ಪ್ರಯತ್ನ ಮಾಡಿದಳು. ಸೀಟು ತುಂಬಿದೆ ಎಂದು ತನ್ನನ್ನು ಕೆಳಗೆ ಕೂರಿಸಿ, ಆಮೇಲೆ ಬಂದ ಸರಿತಾಳನ್ನು ಮೇಲೆ ಕಳಿಸಿದ್ದನ್ನು ಜಿಲ್ಲೆಯ ದೊಡ್ಡ ಸಾಹೇಬರಿಗೆ ಹೇಳಬೇಕು, ಸರಿತಾಳೂ ಜೊತೆಗೆ ಬಂದು ಹೌದು ಎಂದರೆ ಅವರು ಕೇಳಿಯಾರು ಎಂದುಕೊಂಡು ಔರಾದದ ಬಸ್ಸು ಹತ್ತಿದಳು.

ಸರಿತಾ ಅವಳನ್ನು ಕಂಡು ಓಡಿ ಬಂದಳು. ಅವಳಿಗೆ ಇನ್ನೂ ಯಾವ ಕೆಲಸವೂ ಸಿಕ್ಕಿರಲಿಲ್ಲ. ಕಾಲ್ ಮಾಡುತ್ತೇವೆ ಎಂದವರು ಮಾಡಿರಲಿಲ್ಲ. ಅಂಗಳದಲ್ಲಿ ಅವಳ ಅಪ್ಪ ಧೊಂಡಿಬಾ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ಬಾ ತಂಗಿ ಎಂದು ಕಂಬಳಿ ಹಾಸಿ ಕೂರಿಸಿ, ಪ್ರೀತಿಯಿಂದಲೇ ಕೇಳಿದ, “ಹಲಬರ್ಗಾದಾಗ ಯಾವ ಓಣಿ ನಿಂದು?”

ಉಜ್ವಲಾ ಹೇಳಿದಳು. ಧೊಂಡಿಬಾ ತಲೆಯಾಡಿಸಿ ಸೊಪ್ಪಿನ ಕಡೆ ತಿರುಗಿದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಸುಂದರಬಾಯಿ ಒಳಗೆ ಹೋದಳು. ಚಹಾ ಬಂತು. ಗಂಡನಿಗೆ, ಮಗಳಿಗೆ ಸ್ಟೀಲಿನ ಲೋಟ, ಉಜ್ವಲಾಳಿಗೆ ಕಾಗದದ ಕಪ್ಪು. ಸರಿತಾ ತನ್ನ ಲೋಟದೊಳಗೇ ನೋಡುತ್ತ ಕೂತಳು. ಉಜ್ವಲಾ ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ಚಹಾವನ್ನು ಕೊನೆಯ ಗುಟುಕಿನವರೆಗೆ ಕುಡಿದು, ಕಪ್ಪನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಮಡಚಿ ಚೀಲದಲ್ಲಿಟ್ಟುಕೊಂಡಳು. ಬಂದ ಕೆಲಸ ಹೇಳಿದಾಗ ಸರಿತಾ ಮನೆಯಲ್ಲಿ ಕೇಳಬೇಕು ಎಂದಳು. ಮನೆಯವರು ಅಲ್ಲೇ ಕೂತಿದ್ದರು.

ಬಸ್ಸಿನ ರಸ್ತೆಯವರೆಗೆ ಸರಿತಾ ಜೊತೆಗೆ ನಡೆದು ಬಂದಳು. ಬಸ್ಸು ಕಂಡಾಗ, “ಸಿಟ್ಟಾಗಬ್ಯಾಡ. ಬೀದರದಾಗ ನಾವು ಬ್ಯಾರೆ ಇದ್ದೆವು,” ಎಂದಳು.

ಹೌದು, ಬೇರೆ ಇದ್ದೆವು ಎಂದು ಉಜ್ವಲಾ ಬಸ್ಸು ಹತ್ತಿದಳು. ಆಮೇಲೆ ಒಬ್ಬಳೇ ಬೀದರದ ಕಚೇರಿಗೂ ಹೋದಳು. ಸಾಹೇಬರು ಸಿಗಲಿಲ್ಲ. ಹೊರಗೆ ಕೂತಿದ್ದ ಗುಮಾಸ್ತ, ಸಿಕ್ಕ ನೌಕರಿಯ ಮೇಲೆ ದೂರು ಕೊಡುವವಳನ್ನು ಇವತ್ತೇ ನೋಡಿದೆ, ನಿನಗೆ ಬೇಡವಾದರೆ ಹೇಳು, ಹಿಂದೆ ಮಂದಿ ಸಾಲುಗಟ್ಟಿ ನಿಂತಿದ್ದಾರೆ ಎಂದ.

ಸೋಮವಾರ ಅವಳು ಭಾಲ್ಕಿಯ ಕಾಲೇಜಿಗೆ ಹೋದಳು. ಗೇಟಿನ ಒಳಗೆ ಕಾಲಿಡುತ್ತಲೇ ಸುಶೀಲಕುಮಾರ ಸರ್ ಎದುರಾದರು. ಅವಳಿಗೆ ಲೆಕ್ಕಶಾಸ್ತ್ರ ಕಲಿಸಿದವರು, ಅವಳ ಸಮಾಜದವರೇ. ಅತಿಥಿ ಉಪನ್ಯಾಸಕರಾಗಿ ಸೇರಿ ತಲೆ ನರೆತರೂ ಅವರು ಇನ್ನೂ ಅತಿಥಿಯೇ ಆಗಿದ್ದರು. ಅಂಕಪಟ್ಟಿ ಒಯ್ಯಲು ಬಂದೆಯಾ ಎಂದು ನಗುತ್ತ ಕೇಳಿದವರು ಅವಳ ಕೈಯ ಹಸಿರು ಕೋಟು ನೋಡಿ ಮಾತು ನಿಲ್ಲಿಸಿದರು. ಕ್ಲಾಸಿಗೆ ಹೊತ್ತಾಯಿತು ಎಂದು, ಕ್ಲಾಸುಗಳಿಲ್ಲದ ದಿಕ್ಕಿಗೆ ನಡೆದುಹೋದರು.

ಆಫೀಸಿನಲ್ಲಿ ಅಧೀಕ್ಷಕರು ಅವಳಿಗೆ ಕೆಲಸ ಹೇಳಿದರು. ಮೊದಲು ಆಫೀಸಿನ ಧೂಳು, ಆಮೇಲೆ ವರಾಂಡ, ಆಮೇಲೆ ಸಂಡಾಸಗಳು. ಕೋಟು ಹಾಕಿಕೋ ಎಂದರು. ಅವಳು ಕೋಟನ್ನು ಕೈಯಲ್ಲೇ ಹಿಡಿದು ಒರೆಸುವ ಬಟ್ಟೆ ತೆಗೆದುಕೊಂಡಳು. ಕಿಟಕಿಯ ಹೊರಗೆ ವಿದ್ಯಾರ್ಥಿಗಳು ಸ್ಕಾಲರ್‌ಶಿಪ್ ಕಾಗದ ಹಿಡಿದು ಉದ್ದಕ್ಕೆ ನಿಂತಿದ್ದರು. ಒಳಗೆ ಒಬ್ಬನೇ ಗುಮಾಸ್ತ ಬೆವರುತ್ತ ಕೂತಿದ್ದ. ಅವನ ಪಕ್ಕದ ಮೇಜು, ಖುರ್ಚಿ ಖಾಲಿ ಇದ್ದವು. ಮೇಜಿನ ಮೇಲೆ ಬೆರಳಾಡಿಸಿದರೆ ಗೆರೆ ಮೂಡುವಷ್ಟು ಧೂಳು.

ಇದು ಯಾರ ಖುರ್ಚಿ ಎಂದು ಅವಳು ಜವಾನ ಬದ್ರೋದ್ದೀನನನ್ನು ಕೇಳಿದಳು. ಇಲ್ಲಿದ್ದ ಗುಮಾಸ್ತರು ನಿವೃತ್ತರಾಗಿ ಹೋದ ಮೇಲೆ ಸರಕಾರ ಯಾರನ್ನೂ ಹಾಕಿಲ್ಲ ಎಂದ ಅವನು. ಖುರ್ಚಿ ಇಲ್ಲೇ ಉಳಿದಿದೆ, ಅದರಲ್ಲಿ ಕೂಡುವವರು ಬಂದಿಲ್ಲ ಎಂದು ತಾನೇ ಹೇಳಿ ತಾನೇ ನಕ್ಕ.

ಉಜ್ವಲಾ ಮೇಜು ಒರೆಸಿದಳು. ಖುರ್ಚಿಯ ಕೈಗಳನ್ನು, ಬೆನ್ನನ್ನು, ಕಾಲುಗಳನ್ನು ಒರೆಸಿದಳು. ಬಟ್ಟೆಯನ್ನು ಕಿಟಕಿಯ ಹೊರಗೆ ಝಾಡಿಸಿ ಬಂದು, ಹಸಿರು ಕೋಟನ್ನು ಮೇಜಿನ ಮೇಲಿಟ್ಟು, ಖುರ್ಚಿಯ ಮೇಲೆ ಕೂತಳು.

ಮೊದಲು ಯಾರೂ ಗಮನಿಸಲಿಲ್ಲ. ಹೊಸ ಮೇಡಂ ಬಂದಿದ್ದಾರೆಂದು ಕಿಟಕಿಯಲ್ಲಿದ್ದ ಹುಡುಗಿಯೊಬ್ಬಳು ಕಾಗದ ಚಾಚಿದಳು. ಆಗ ಅಧೀಕ್ಷಕರು ತಲೆ ಎತ್ತಿದರು.

“ಏಯ್, ಏಳು. ಏನು ಚಾಷ್ಟಿ ಹಚ್ಚೀದಿ?”

“ಈ ಖುರ್ಚಿ ಖಾಲಿ ಅದ ರೀ ಸರ್. ನಾನೂ ಖಾಲಿ ಅದೀನಿ. ಇದಕ್ಕ ಬೇಕಾದಷ್ಟು ಓದೀನಿ.”

ಅಧೀಕ್ಷಕರು ಎದ್ದು ಬಂದರು. ಅವರ ಬಾಯಿಂದ ಬೈಗುಳ ತಾನಾಗಿ ಬಂತು. “ಹಲ್ಕಟ್ ರಂಡಿ, ಸಂಡಾಸ ತೊಳಿಲಾಕ ಬಂದಾಕಿ ಸರಕಾರಿ ಖುರ್ಚಿ ಮ್ಯಾಲ ಕೂಡ್ತಿ? ಹೊಟ್ಟಿಗಿ ಹಾಕಿದವರ ತಲಿ ಮ್ಯಾಲೇ ಕೂಡೋ ಮಂದಿ ನೀವು.”

ಕಿಟಕಿಯ ಸಾಲು ಸದ್ದಿಲ್ಲದೆ ಚದುರಿತು. ಕಾಗದ ಚಾಚಿದ ಹುಡುಗಿ ಅದನ್ನು ಹಿಂದಕ್ಕೆ ಎಳೆದುಕೊಂಡಳು. ಪ್ರಾಂಶುಪಾಲರು ಬಂದು ಇಂಗ್ಲಿಷಿನಲ್ಲಿ ಹೇಳಿದರು, ಕನ್ನಡದಲ್ಲಿ ಹೇಳಿದರು, ಪೊಲೀಸರನ್ನು ಕರೆಸುತ್ತೇನೆ ಎಂದರು. ಕರೆಸಿದರೆ ಊರ ತುಂಬ ಸುದ್ದಿಯಾಗುತ್ತದೆ ಎಂದು ಅಧೀಕ್ಷಕರು ಅವರ ಕಿವಿಯಲ್ಲಿ ಹೇಳಿದ ಮೇಲೆ, ಅವಳ ಮನೆಗೆ ಫೋನು ಮಾಡಿ ಎಂದು ಹೇಳಿ ಹೋದರು.

ಮಧ್ಯಾಹ್ನ ಸುಶೀಲಕುಮಾರ ಸರ್ ಅವರನ್ನು ಒಳಗೆ ಕಳಿಸಿದರು. ಅವರು ಮೇಜಿನ ಆಚೆ ನಿಂತು, ನೀನು ಮಾಡಿದ್ದು ತಪ್ಪು ಎಂದು ನಾನು ಅನ್ನುವುದಿಲ್ಲ, ಆದರೆ ಒಬ್ಬಳೇ ಕೂತರೆ ಏನಾಗುತ್ತದೆ ಎಂದರು.

“ನೀವೂ ಬಂದು ಕೂಡ್ರಿ ಸರ್.”

ಅವರು ಬಾಗಿಲ ಕಡೆ ನೋಡಿದರು. “ನಂದು ಮುಂದಿನ ವರ್ಷ ಇರ್ತದೋ ಇಲ್ಲೋ ಇನ್ನಾ ಗೊತ್ತಿಲ್ಲವಾ,” ಎಂದು ಬಹಳ ಸಣ್ಣ ದನಿಯಲ್ಲಿ ಹೇಳಿ ಹೋದರು.

ಆಫೀಸಿನ ಕೆಲಸ ನಡೆಯಿತು. ಪಕ್ಕದ ಗುಮಾಸ್ತ ಅವಳು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಅವಳ ಮುಂದಿನಿಂದ ಕೈ ಚಾಚಿ ಕಪಾಟಿನ ಫೈಲು ತೆಗೆದುಕೊಳ್ಳುತ್ತಿದ್ದ. ಯಾರೂ ಅವಳನ್ನು ಮುಟ್ಟಿ ಎಬ್ಬಿಸಲಿಲ್ಲ. ಮುಟ್ಟಲು ಯಾರಿಗೂ ಮನಸ್ಸಿರಲಿಲ್ಲ. ಅವಳಿಗೆ ನೀರಡಿಕೆಯಾಗಿತ್ತು. ಎದ್ದರೆ ಖುರ್ಚಿ ಸರಿಸಿಬಿಡುತ್ತಾರೆಂದು ಎದ್ದಿರಲಿಲ್ಲ.

ಬಿಸಿಲು ಇಳಿಯುವಾಗ ಮಾಣಿಕ ಬಂದ. ಕೆಲಸದ ಮೇಲಿಂದ ಹಾಗೇ ಬಂದಿದ್ದ, ಮೊಣಕಾಲಿನ ತನಕ ಸಿಮೆಂಟು ಒಣಗಿತ್ತು. ರಬ್ಬರ್ ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲಾಚೆಯೇ ನಿಂತು ಎಲ್ಲರಿಗೂ ಕೈಮುಗಿದ. ಅವನ ಮುಖದಲ್ಲಿ ಇನ್ನೂ ಅಂಜಿಕೆಗಿಂತ ಗೊಂದಲವೇ ಹೆಚ್ಚಿತ್ತು, ಮಗಳು ಖುರ್ಚಿಯ ಮೇಲೆ ಕೂತಿರುವುದು ಅವನಿಗೆ ತಪ್ಪಾಗಿ ಕಾಣಲಿಲ್ಲ.

“ನಿನ ಮಗಳಿಗಿ ಕೊಟ್ಟಿದ್ದು ಸಂಡಾಸ ತೊಳಿಯೋ ಕೆಲಸ,” ಎಂದರು ಅಧೀಕ್ಷಕರು. “ಎಬ್ಬಿಸಿಕೊಂಡು ಹೋಗು.”

ಮಾಣಿಕ ಮೇಜಿನ ಮೇಲಿದ್ದ ಹಸಿರು ಕೋಟನ್ನು ನೋಡಿದ. ಮಗಳನ್ನು ನೋಡಿದ.

“ಖರೇ ಏನವಾ?”

“ಖರೇ ಅಪ್ಪಾ.”

“ಮತ್ತ ಕಂಪ್ಯೂಟರ್ ಅಂತಿದ್ದೆಲ್ಲ?”

ಅವಳು ಮೇಜಿನ ಮೇಲಿನ ಕೋಟನ್ನು ಪಕ್ಕಕ್ಕೆ ಸರಿಸಿದಳು. ಮನೆಗೆ ಬಾ ಎಂದ. ಬರುವುದಿಲ್ಲ ಎಂದಳು. ಇನ್ನೊಮ್ಮೆ ಕರೆಯುತ್ತಾನೆ ಎಂದು ಅಧೀಕ್ಷಕರು ಕಾದರು. ಮಾಣಿಕ ಕರೆಯಲಿಲ್ಲ. ಯಾರಿಗೂ ಕೈಮುಗಿಯದೆ ತಿರುಗಿ, ಚಪ್ಪಲಿ ಮೆಟ್ಟಿಕೊಂಡು ಬಾಗಿಲಿನಿಂದ ಮರೆಯಾದ.

“ಕೂತಿರ್ಲಿ,” ಎಂದರು ಅಧೀಕ್ಷಕರು. “ಬದ್ರೋದ್ದೀನ, ಕೀಲಿ ಹಾಕು. ಹಸಿವಾದ್ರ ತಾನೇ ಕೂಗ್ತಾಳ.”

ಎಲ್ಲರೂ ಹೊರಟರು. ಬದ್ರೋದ್ದೀನ ಲೈಟು ಆರಿಸಲು ಬಂದವನು ಅವಳನ್ನು ನೋಡಿ, ಆರಿಸದೆಯೇ ಹೋದ. ಬಾಗಿಲು ಮುಚ್ಚಿತು, ಹೊರಗಿನಿಂದ ಕೀಲಿ ತಿರುಗಿತು. ವರಾಂಡದಲ್ಲಿ ಬೂಟುಗಳ ಸದ್ದು ಕಡಿಮೆಯಾಗುತ್ತ ಹೋಯಿತು. ಅದು ಪೂರ್ತಿ ನಿಂತ ಮೇಲೆ ಕಿಟಕಿಯ ಹೊರಗೆ, ಗೋಡೆಯ ಬುಡದಲ್ಲಿ ರಬ್ಬರ್ ಚಪ್ಪಲಿಯ ನಾಲ್ಕಾರು ಹೆಜ್ಜೆ ಕೇಳಿಸಿದವು. ಅವು ಗೇಟಿನ ಕಡೆ ಹೋದವೋ, ಅಪ್ಪ ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ಕೂತನೋ ಅವಳಿಗೆ ತಿಳಿಯಲಿಲ್ಲ. ಕೂಗಿ ಕೇಳಬಹುದಿತ್ತು. ಕೂಗಲಿಲ್ಲ. ಉಜ್ವಲಾ ಖುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಕೂತಳು.